ಕುಟುಂಬದಲ್ಲಿ ಮಾನಸಿಕ ಆರೋಗ್ಯ: ಮನೆಯವರ ಪಾತ್ರ ಮತ್ತು ಲಭ್ಯವಿರುವ ಸೌಲಭ್ಯಗಳು

ಮಾನಸಿಕ ಕಾಯಿಲೆಯ ಮೊದಲ ಲಕ್ಷಣಗಳು ಸಾಮಾನ್ಯವಾಗಿ ಮನೆಯವರ ಗಮನಕ್ಕೆ ಬರುತ್ತವೆ. ಆದರೆ ಅವುಗಳನ್ನು ಕಾಯಿಲೆಯೆಂದು ಪರಿಗಣಿಸದೆ, "ಅವರ ಸ್ವಭಾವವೇ ಹಾಗೆ" ಎಂದು ಸುಮ್ಮನಾಗುವುದರಿಂದ ಚಿಕಿತ್ಸೆ ವಿಳಂಬವಾಗುತ್ತದೆ.

ಸೀತೂರು ಸೇರಿದಂತೆ ನರಸಿಂಹರಾಜಪುರ, ಕೊಪ್ಪ ಮತ್ತು ಶೃಂಗೇರಿ ಭಾಗದಲ್ಲಿ ಮನೆಗಳು ತೋಟಗಳ ನಡುವೆ ದೂರ ದೂರದಲ್ಲಿವೆ. ಮಳೆಗಾಲದಲ್ಲಿ ನೆರೆಹೊರೆಯವರ ಭೇಟಿಯೂ ಅಪರೂಪ. ಅಡಿಕೆಗೆ ತಗುಲಿರುವ ಹಳದಿ ಎಲೆ ರೋಗ ಹಾಗೂ ಎಲೆಚುಕ್ಕೆ ರೋಗದಿಂದ ಅನೇಕರ ಆದಾಯ ಕುಸಿದಿದೆ. ಮಕ್ಕಳು ಬೆಂಗಳೂರಿನಲ್ಲಿದ್ದು, ವೃದ್ಧ ತಂದೆ ತಾಯಿ ಇಬ್ಬರೇ ಇರುವ ಮನೆಗಳೂ ಇವೆ. ಇಂತಹ ಮನೆಗಳಲ್ಲಿ ಒಬ್ಬರು ಮಾತು ಕಡಿಮೆ ಮಾಡಿದರೆ ಅದನ್ನು ಗಮನಿಸುವವರು ಇನ್ನೊಬ್ಬರು ಮಾತ್ರ.

ನಿದ್ರೆ ಮತ್ತು ಊಟದಲ್ಲಿ ಬದಲಾವಣೆ, ತೋಟಕ್ಕೆ ಹೋಗಲು ಅಥವಾ ಹಾಲು ಕರೆಯಲು ನಿರಾಸಕ್ತಿ, ಕಾರಣವಿಲ್ಲದ ಸಿಟ್ಟು, ಹೆಚ್ಚಿದ ಮದ್ಯಪಾನ ಇವು ಎರಡು ವಾರಗಳಿಗೂ ಮೀರಿ ಮುಂದುವರಿದಲ್ಲಿ ವೈದ್ಯರನ್ನು ಕಾಣತಕ್ಕದ್ದು. "ಧೈರ್ಯ ತಂದುಕೋ" ಎಂಬ ಬುದ್ಧಿಮಾತಿಗಿಂತ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಬದುಕು ಬೇಡವೆನಿಸುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅಂತಹ ಸಂದರ್ಭದಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಬೆಳೆ ಔಷಧಿಗಳಿಗೆ ಬೀಗ ಹಾಕಿ ಕೀಲಿಕೈಯನ್ನು ಬೇರೊಬ್ಬರ ಬಳಿ ಇಡುವುದು ಅವಶ್ಯ.

ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರಗಳು ಬೇಕಾಗುತ್ತವೆ. ಇದನ್ನರಿಯದೆ ಎಂಟು ದಿನಕ್ಕೇ "ಗುಣವಿಲ್ಲ" ಎಂದು ಬಿಡುವ ಕುಟುಂಬಗಳುಂಟು. ಗುಣವಾದಂತೆ ಕಂಡಾಗಲೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹರಕೆ, ಪೂಜೆಗಳಿಗೆ ಚಿಕಿತ್ಸೆ ಅಡ್ಡಿಯಲ್ಲ. ಎರಡೂ ಜೊತೆಯಲ್ಲಿ ನಡೆಯಬಹುದು.

ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ತಪಾಸಣೆಗೆ ವ್ಯವಸ್ಥೆ ಮಾಡಲಾಗಿದೆ. ಹೊರಡುವ ಮೊದಲು ವೈದ್ಯರು ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡರೆ ಬಸ್ಸಿನ ಖರ್ಚು ಉಳಿಯುತ್ತದೆ. ಅಷ್ಟು ದೂರ ಹೋಗಲಾಗದವರು 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನಲ್ಲಿರುವ ಮಕ್ಕಳೂ ತಂದೆ ತಾಯಿಯ ಬಗ್ಗೆ ಸಲಹೆ ಪಡೆಯಬಹುದು.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ರೋಗಿಯ ವಿವರಗಳನ್ನು ಗೌಪ್ಯವಾಗಿಡುವುದು ಕಡ್ಡಾಯ. ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಹಿಂಜರಿಯುವವರು ಇದನ್ನು ಗಮನಿಸಬೇಕು. ತಾನು ಅಸ್ವಸ್ಥನಾದಾಗ ಚಿಕಿತ್ಸೆಯ ವಿಷಯದಲ್ಲಿ ನೆರವಾಗಲು 18 ವರ್ಷ ತುಂಬಿದ ಯಾವುದೇ ವ್ಯಕ್ತಿಯು ಪ್ರತಿನಿಧಿಯೊಬ್ಬರನ್ನು ಮುಂಚಿತವಾಗಿಯೇ ಹೆಸರಿಸಬಹುದು. ಇದಕ್ಕೆ ಛಾಪಾ ಕಾಗದದ ಅಗತ್ಯವಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದರೆ ಸಾಕು.