ನಾಯಿಗೊಂದು ಮನೆ ನೋಡುವ ಶಾಸ್ತ್ರ

ಊರಿನಲ್ಲಿ ನಾಯಿ ಸಾಕಲು ಯಾರೂ ಅರ್ಜಿ ಹಾಕುವುದಿಲ್ಲ. ಬೀದಿ ಕೊನೆಯಲ್ಲಿ ನಾಯಿ ಮರಿ ಹಾಕಿದ ಸುದ್ದಿ ಬಂದರೆ ಸಾಕು, ಮಕ್ಕಳು ಒಂದನ್ನು ಎತ್ತಿಕೊಂಡು ಬರುತ್ತಾರೆ. ಅಜ್ಜಿ ಎರಡು ದಿನ ಬೈದು, ಮೂರನೆಯ ದಿನ ತಾನೇ ಹಾಲನ್ನ ಕಲಸಿ ಹಾಕುತ್ತಾಳೆ. ಇಂಗ್ಲೆಂಡಿನಲ್ಲಿ ಹಾಗಲ್ಲ. 2020ರ ಏಪ್ರಿಲ್‌ನಿಂದ ಇಲ್ಲಿನ ಅಂಗಡಿಗಳು ಆರು ತಿಂಗಳೊಳಗಿನ ಮರಿಗಳನ್ನು ಮಾರುವಂತಿಲ್ಲ. ಸಾಕುವವರ ಬಳಿಯೇ ಹೋಗಿ ಕೊಳ್ಳಬೇಕು, ಇಲ್ಲವೇ ಶೆಲ್ಟರ್‌ನಿಂದ ತರಬೇಕು. ದಿಕ್ಕಿಲ್ಲದ ಜೀವಕ್ಕೆ ಮನೆ ಕೊಟ್ಟಂತಾಗಲಿ ಎಂದು ಹೌನ್ಸ್ಲೋದ ನಾವು ಎರಡನೆಯ ದಾರಿ ಹಿಡಿದೆವು.

ಅಲ್ಲಿ ಕಂಡದ್ದು ಒಂದು ಕಪ್ಪು ಲರ್ಚರ್. ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ನಮ್ಮವರು ಮುಧೋಳದ ಕಡೆಯವರು. "ಏ, ಇದು ನಮ್ಮೂರ ನಾಯಿನ ಐತಲ್ಲ!" ಎಂದು ಅಲ್ಲೇ ಕೂತುಬಿಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳ ನಾಯಿಗೆ ಇದು ದಾಯಾದಿಯಂತೆಯೇ ಇತ್ತು. ಒಂಬತ್ತು ವರ್ಷದ ಮಗಳಂತೂ ಅದಕ್ಕೆ ಹೆಸರೂ ಇಟ್ಟಾಯಿತು.

ಆಮೇಲೆ ಅರ್ಜಿ. ದಿನಕ್ಕೆ ಎಷ್ಟು ಗಂಟೆ ಮನೆ ಖಾಲಿ ಇರುತ್ತದೆ? ವೆಟ್ ಖರ್ಚು ಯಾರು ಕೊಡುತ್ತಾರೆ? ನೀವು ಸಸ್ಯಾಹಾರಿಗಳು, ನಾಯಿ ಏನು ತಿನ್ನುತ್ತದೆ? ಬೇಸಿಗೆಯಲ್ಲಿ ಇಂಡಿಯಾಕ್ಕೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಎಲ್ಲಕ್ಕೂ ಉತ್ತರ ಬರೆದೆವು. ಮಗಳ ವಯಸ್ಸು ಮೊದಲ ಪುಟದಲ್ಲೇ ಇತ್ತು.

ಮೂರು ವಾರದ ನಂತರ ಹೋಮ್ ಚೆಕ್. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದಂತೆಯೇ. ನಾನು ಚಕ್ಕುಲಿ, ಕಾಫಿ ಇಟ್ಟೆ. ಬಂದ ಮಹಾತಾಯಿ ಚಕ್ಕುಲಿ ತಿಂದು, ಹಿತ್ತಲ ಬೇಲಿ ಅಳೆದು, ಆರಡಿ ಮಾಡಿಸಿ ಎಂದರು. ಮಾಡಿಸಿದೆವು. ಬಿಲ್ಲಿನ ಮೊತ್ತ ಕೇಳಬೇಡಿ. ಫೋಟೋ ಕಳಿಸಿದ ಹತ್ತು ದಿನಕ್ಕೆ ಎರಡು ಸಾಲಿನ ಉತ್ತರ ಬಂತು: ಹನ್ನೆರಡರ ಒಳಗಿನ ಮಕ್ಕಳಿರುವ ಮನೆಗೆ ಈ ನಾಯಿಯನ್ನು ಕೊಡುವುದಿಲ್ಲ.

ಫೋನ್ ಮಾಡಿದೆ. ಅವರು ಇವರನ್ನು ಕೇಳಿ ಎಂದರು, ಇವರು ಅವರನ್ನು ಕೇಳಿ ಎಂದರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ!

ಮಗಳು ಕೇಳಿದ್ದು ಒಂದೇ ಮಾತು: "ನಾವು ಒಳ್ಳೆಯವರಲ್ವಾ ಅಮ್ಮಾ?" ಬೇಲಿಯ ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಇದು.

ಸಮಾಧಾನಕ್ಕೆ ಅವಳಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಥೆ ಹೇಳಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಇಮ್ಮಡಿ ಬೂತುಗ ಏನು ಬೇಕಾದರೂ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಸುಮಾರು ಕ್ರಿ.ಶ. 950ರಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲ ಕೇಳಿ ಮಗಳು, "ಮಣಲೇರನ ಮನೆಗೂ ಹೋಮ್ ಚೆಕ್ ಮಾಡಿದ್ರಾ?" ಎಂದಳು.

ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಾಯಿ ಜೀವನಪೂರ್ತಿಗೆ, ಬರೀ ಕ್ರಿಸ್ಮಸ್‌ಗಲ್ಲ ಎಂಬ ಘೋಷಣೆ ಈ ದೇಶದಲ್ಲಿ ಹುಟ್ಟಿದ್ದು 1978ರಲ್ಲಿ. ಹಬ್ಬಕ್ಕೆ ತಂದು ಆಮೇಲೆ ಬಿಟ್ಟುಹೋಗುವವರು ಇರುವುದರಿಂದಲೇ ಅದು ಬೇಕಾಯಿತು. ಒಮ್ಮೆ ಬೀದಿಪಾಲಾದ ನಾಯಿ ಎರಡನೆಯ ಸಲ ಹಾಗಾಗಬಾರದು, ಒಪ್ಪಿದೆ. ಚಿಕ್ಕ ಮಕ್ಕಳೊಡನೆ ಹೊಂದದ ನಾಯಿಗಳೂ ಇರುತ್ತವೆ. ಆದರೆ ಆ ನಿಯಮವನ್ನು ಮಗು ನಾಯಿಗೆ ಹೆಸರಿಡುವ ಮೊದಲೇ ಹೇಳಬೇಕಲ್ಲವೇ?

ನಮ್ಮ ಬಳಗದವರು ಯಾರಾದರೂ ಈ ದಾರಿಯಲ್ಲಿದ್ದರೆ, ನಾಯಿಯ ಮುಖ ನೋಡುವ ಮುಂಚೆ ಫೋನಿನಲ್ಲೇ ಕೇಳಿಬಿಡಿ: ಮಕ್ಕಳ ವಯಸ್ಸಿನ ಮಿತಿ ಎಷ್ಟು, ಬೇಲಿ ಎಷ್ಟು ಎತ್ತರ ಬೇಕು, ಕೆಲಸಕ್ಕೆ ಹೋಗುವವರಿಗೆ ಕೊಡುತ್ತೀರಾ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿಗೆ ಹೋದಾಗ ನಾಯಿ ನೋಡಿಕೊಳ್ಳುವವರ ಹೆಸರು ಕೈಯಲ್ಲಿರಲಿ. ಶೆಲ್ಟರ್‌ನವರ ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ.

ನಾವು ಇನ್ನೊಂದು ಕಡೆ ಹೆಸರು ಬರೆಸಿದ್ದೇವೆ. ಈ ಸಲ ಮೊದಲ ಪ್ರಶ್ನೆ ಕೇಳಿದ್ದು ನಾವೇ. ಒಂಬತ್ತು ವರ್ಷದ ಮಗು ಇದ್ದರೆ ಅಡ್ಡಿಯಿಲ್ಲವಂತೆ.