ಹೊಸ ಕಾರಿನ ದೋಷವೂ ಗೃಹಸ್ಥನ ಎಚ್ಚರವೂ

ಹಿಂದಿನ ಕಾಲದಲ್ಲಿ ಕುದುರೆಯನ್ನು ಕೊಳ್ಳುವವನು ಅದರ ಹಲ್ಲನ್ನು ನೋಡುತ್ತಿದ್ದನು, ಗೊರಸನ್ನು ಎತ್ತಿ ಪರೀಕ್ಷಿಸುತ್ತಿದ್ದನು, ಮೈಮೇಲಿನ ಸುಳಿಗಳನ್ನು ಎಣಿಸುತ್ತಿದ್ದನು. ಅಶ್ವಲಕ್ಷಣವನ್ನು ವಿವರಿಸುವುದಕ್ಕೆಂದೇ ಸಂಸ್ಕೃತದಲ್ಲಿ ಶಾಸ್ತ್ರಗ್ರಂಥಗಳು ಹುಟ್ಟಿದವು. ಈಗ ಐವತ್ತು ಅರವತ್ತು ಲಕ್ಷ ರೂಪಾಯಿಗಳನ್ನು ತೆತ್ತು ಕಾರನ್ನು ಕೊಳ್ಳುವ ಗೃಹಸ್ಥನು ಬಣ್ಣವನ್ನು ನೋಡುತ್ತಾನೆ, ಪೀಠದ ಚರ್ಮವನ್ನು ಸವರುತ್ತಾನೆ, ಮೂತಿಯ ಮೇಲಿನ ಲಾಂಛನವನ್ನು ಕಂಡು ತೃಪ್ತನಾಗುತ್ತಾನೆ. ಇಷ್ಟು ಬೆಲೆಯ ವಸ್ತುವಿನಲ್ಲಿ ದೋಷವಿರಲಾರದೆಂಬ ನಂಬಿಕೆಯೇ ಅವನ ಪರೀಕ್ಷೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಲ್ಲತಕ್ಕದ್ದೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಬಳ್ಳಾರಿ ಸೀಮೆಗೆ ಈ ವಿಚಾರ ದೂರದ್ದೇನೂ ಅಲ್ಲ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಬಳ್ಳಾರಿಯ ಬೀದಿಗಳಲ್ಲಿ ಜರ್ಮನಿಯ ಮತ್ತು ಇಂಗ್ಲೆಂಡಿನ ಹೆಸರುಗಳುಳ್ಳ ಕಾರುಗಳು ಓಡಾಡತೊಡಗಿದುದನ್ನು ನಾವೆಲ್ಲರೂ ಕಂಡಿದ್ದೇವೆ. ೨೦೧೧ನೆಯ ಇಸವಿಯ ಜುಲೈ ಕೊನೆಯಲ್ಲಿ ಲೋಕಾಯುಕ್ತರ ವರದಿ ಹೊರಬಂದಿತು; ಅದೇ ವಾರ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಸಂಪತ್ತಿನ ಆ ಪ್ರವಾಹ ಇಳಿದರೂ ಕಾರಿನ ಮೋಹ ಇಳಿಯಲಿಲ್ಲ. ಒಬ್ಬರು ಬಿಟ್ಟ ಕಾರನ್ನು ಇನ್ನೊಬ್ಬರು ಕೊಂಡರು. ನಗರದವರ ಕಾರು ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳಕ್ಕೂ ಕುರುಗೋಡಿನ ಗುಡ್ಡದ ಮಗ್ಗುಲ ತೋಟದ ಮನೆಗೂ ಹೋಯಿತು. ಎರಡನೆಯ, ಮೂರನೆಯ ಕೈಗೆ ಹೋದ ಕಾರಿನ ಸಂಗತಿ ನಮ್ಮ ಈ ಪ್ರಸ್ತಾಪದಲ್ಲಿ ಮುಖ್ಯವಾದುದಾದಕಾರಣ ಅದನ್ನು ಮುಂದೆ ಮತ್ತೆ ಹೇಳುವೆವು.

ಕಾರೆಂಬುದು ಸಾವಿರಾರು ಅಂಗಗಳ ಸಮುದಾಯ. ಲಾಂಛನ ಒಂದು ಕಂಪೆನಿಯದಾದರೂ ಬ್ರೇಕು ಒಬ್ಬನದು, ತಂತಿಯ ಜಾಲ ಮತ್ತೊಬ್ಬನದು, ಗಾಳಿಚೀಲ ಇನ್ನೊಬ್ಬನದು. ಒಂದು ಕಾರ್ಖಾನೆಯಲ್ಲಿ ಒಂದು ತಿಂಗಳು ನಡೆದ ಸಣ್ಣ ತಪ್ಪು ಲಕ್ಷ ಕಾರುಗಳ ಒಡಲನ್ನು ಸೇರುತ್ತದೆ. ಆ ತಪ್ಪು ಹೊಸದರಲ್ಲಿ ಕಾಣದೆ, ಬಿಸಿಲು, ತೇವ, ಧೂಳು, ಕುಲುಕಾಟಗಳನ್ನು ಅನುಭವಿಸಿದ ಮೇಲೆ ತಲೆಯೆತ್ತುವುದುಂಟು. ಹಾಗೆ ತಲೆಯೆತ್ತಿದಾಗ, ಆ ಬಗೆಯ ಕಾರುಗಳೆಲ್ಲವನ್ನೂ ತಯಾರಕನು ಹಿಂದಕ್ಕೆ ಕರೆಸಿ, ದೋಷವುಳ್ಳ ಅಂಗವನ್ನು ತನ್ನ ಖರ್ಚಿನಲ್ಲಿ ಬದಲಿಸಿಕೊಡುವುದಕ್ಕೆ ‘ರೀಕಾಲ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಹಿಂಗರೆ’ ಎನ್ನಬಹುದೆಂದು ನಮ್ಮ ಸೂಚನೆ.

ಹೆಸರುವಾಸಿಯಾದ ಕಂಪೆನಿಗಳೂ ಇದಕ್ಕೆ ಹೊರತಲ್ಲ. ಸ್ವೀಡನ್ ದೇಶದ ವೋಲ್ವೊ ಕಂಪೆನಿಯ ಕಾರುಗಳು ೨೦೧೭ರಿಂದ ನಮ್ಮ ಹೊಸಕೋಟೆಯಲ್ಲಿಯೂ ಜೋಡಣೆಯಾಗುತ್ತಿವೆ. ಈಗ ಎಲ್ಲ ಕಾರುಗಳಲ್ಲಿಯೂ ಇರುವ ಮೂರು ತುದಿಯ ಸೀಟುಬೆಲ್ಟನ್ನು ೧೯೫೯ರಲ್ಲಿ ಬಳಕೆಗೆ ತಂದು, ಲೋಕದ ಇತರ ತಯಾರಕರೂ ಅದನ್ನು ಅಳವಡಿಸಿಕೊಳ್ಳಲೆಂದು ಬಿಟ್ಟುಕೊಟ್ಟ ಕೀರ್ತಿ ಆ ಕಂಪೆನಿಯದು. ಅದೇ ಕಂಪೆನಿಯು ೨೦೨೦ರಲ್ಲಿ, ಮುಂದಿನ ಸೀಟುಬೆಲ್ಟಿಗೆ ಸೇರಿದ ಉಕ್ಕಿನ ಕೇಬಲ್ಲು ಕಾಲಕ್ರಮದಲ್ಲಿ ದುರ್ಬಲವಾಗಬಹುದೆಂದು ಲೋಕದಾದ್ಯಂತ ೨೦ ಲಕ್ಷಕ್ಕೂ ಮಿಕ್ಕ ಕಾರುಗಳನ್ನು ಹಿಂದಕ್ಕೆ ಕರೆಯಿತು. ಬೆಲ್ಟಿನ ಜನ್ಮದಾತನಿಗೇ ಬೆಲ್ಟಿನ ದೋಷ ತಪ್ಪಲಿಲ್ಲ. ಮರ್ಸಿಡಿಸ್ ಬೆಂಜ್ ಕಂಪೆನಿಯು ೨೦೨೨ರ ಜೂನಿನಲ್ಲಿ, ೨೦೦೪ರಿಂದ ೨೦೧೫ರವರೆಗೆ ತಯಾರಾದ ಕೆಲವು ಬಗೆಯ ದೊಡ್ಡ ಕಾರುಗಳಲ್ಲಿ ಬ್ರೇಕಿಗೆ ಬಲಕೊಡುವ ಭಾಗ ತುಕ್ಕು ಹಿಡಿಯಬಹುದೆಂದು ಹತ್ತು ಲಕ್ಷದ ಸಮೀಪದ ಕಾರುಗಳನ್ನು ಕರೆಯಿತು. ಪರೀಕ್ಷೆಯಾಗುವವರೆಗೆ ಕಾರನ್ನು ಓಡಿಸಬೇಡಿರೆಂದು ಮಾಲೀಕರನ್ನು ಬೇಡಿಕೊಂಡಿತು. ನಮ್ಮ ದೇಶದ ಮಹೀಂದ್ರ ಕಂಪೆನಿಯು ೨೦೨೩ರಲ್ಲಿ, ಎಂಜಿನ್ನಿನ ಬಳಿಯ ತಂತಿಗಳು ಉಜ್ಜಿ ಸವೆಯಬಹುದೆಂಬ ಕಾರಣದಿಂದ ಎಕ್ಸ್‌ಯುವಿ೭೦೦ ಎಂಬ ಕಾರುಗಳಲ್ಲಿ ೧,೦೮,೩೦೬ನ್ನು ಪರೀಕ್ಷೆಗೆ ಕರೆಯಿತು.

ಇವೆಲ್ಲಕ್ಕಿಂತಲೂ ದೊಡ್ಡದು ಜಪಾನಿನ ತಕಾಟಾ ಕಂಪೆನಿಯ ಗಾಳಿಚೀಲದ ಕಥೆ. ಅಪಘಾತದಲ್ಲಿ ಚೀಲವನ್ನು ಕ್ಷಣಾರ್ಧದಲ್ಲಿ ಉಬ್ಬಿಸಲು ಆ ಕಂಪೆನಿ ಅಮೋನಿಯಮ್ ನೈಟ್ರೇಟ್ ಎಂಬ ದ್ರವ್ಯವನ್ನು ಬಳಸಿತು. ಸೆಕೆಯೂ ತೇವವೂ ಬಹುಕಾಲ ತಗುಲಿದರೆ ಆ ದ್ರವ್ಯ ಕೆಟ್ಟು, ಅತಿ ರಭಸದಿಂದ ಉರಿದು, ಅದನ್ನು ಹಿಡಿದಿದ್ದ ಲೋಹದ ಕೋಶವನ್ನೇ ಒಡೆದು ಚೂರುಗಳನ್ನು ಮುಖಕ್ಕೆ ಎಸೆಯುತ್ತಿತ್ತು. ಪ್ರಾಣ ಕಾಯಬೇಕಾದ ಚೀಲವೇ ಪ್ರಾಣ ತೆಗೆಯಿತು. ಅಮೆರಿಕೆಯೊಂದರಲ್ಲಿಯೇ ಸುಮಾರು ೬ ಕೋಟಿ ೭೦ ಲಕ್ಷ ಗಾಳಿಚೀಲಗಳನ್ನು ಬದಲಿಸಬೇಕೆಂದಾಯಿತು. ೨೦೧೭ರ ಜೂನಿನಲ್ಲಿ ಆ ಕಂಪೆನಿ ದಿವಾಳಿಯಾಯಿತು. ಅಗ್ಗದ ಕಾರುಗಳಲ್ಲಿಯೂ ಇದೇ ಚೀಲ, ಅತಿ ಬೆಲೆಯ ಕಾರುಗಳಲ್ಲಿಯೂ ಇದೇ ಚೀಲ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಹೀಗಿರುವಲ್ಲಿ, ಕಂಪೆನಿಯು ಕಾರನ್ನು ಹಿಂದಕ್ಕೆ ಕರೆಯಿತೆಂದರೆ ಅದನ್ನು ಅಪಕೀರ್ತಿಯೆಂದು ಭಾವಿಸಲಾಗದು. ದೋಷವನ್ನು ಒಪ್ಪಿಕೊಂಡು ಪರಿಹಾರಕ್ಕೆ ಕರೆದವನನ್ನು ನಂಬಬಹುದು. ದೂರನ್ನು ಕೇಳಿಯೂ ಕೇಳದಂತೆ ಇರುವವನಿಗೆ ಅಂಜಬೇಕು. ಇದಕ್ಕೆ ಒಂದು ಕಠೋರವಾದ ನಿದರ್ಶನವುಂಟು. ೨೦೦೯ರ ಆಗಸ್ಟಿನಲ್ಲಿ ಅಮೆರಿಕೆಯ ಸ್ಯಾನ್ ಡಿಯೇಗೊ ನಗರದ ಬಳಿ, ಟೊಯೋಟಾ ಕಂಪೆನಿಯ ಐಷಾರಾಮಿ ವರ್ಗವಾದ ಲೆಕ್ಸಸ್ ಕಾರೊಂದರಲ್ಲಿ ಹೋಗುತ್ತಿದ್ದ ಒಂದು ಕುಟುಂಬದ ನಾಲ್ವರು ಮಡಿದರು. ತಮ್ಮ ಕಾರನ್ನು ರಿಪೇರಿಗೆ ಬಿಟ್ಟು, ಮಾರಾಟಗಾರನು ತಾತ್ಕಾಲಿಕವಾಗಿ ಕೊಟ್ಟ ಕಾರಿನಲ್ಲಿ ಅವರು ಹೊರಟಿದ್ದರು. ಕಾಲಡಿಯಲ್ಲಿ ಹಾಸಿದ್ದ ಚಾಪೆ ಆ ಕಾರಿಗೆ ಹೊಂದತಕ್ಕದ್ದಾಗಿರಲಿಲ್ಲ. ವೇಗದ ಪೆಡಲು ಅದರಲ್ಲಿ ಸಿಕ್ಕಿಕೊಂಡಿತು. ಕೆಲವೇ ದಿನಗಳ ಮುಂಚೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗಿರಾಕಿಗೂ ಹೀಗೆಯೇ ಆಗಿ, ಅವನು ಕಾರನ್ನು ಒಪ್ಪಿಸುವಾಗ ಅಂಗಡಿಯವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದನೆಂದು ತನಿಖೆಯಿಂದ ಹೊರಪಟ್ಟಿತು. ಆ ಮಾತು ಮುಂದಕ್ಕೆ ಹೋಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಆ ಕಂಪೆನಿ ಸುಮಾರು ೩೮ ಲಕ್ಷ ಕಾರುಗಳ ಚಾಪೆಯ ವಿಷಯದಲ್ಲಿ ಕರೆ ಹೊರಡಿಸಿತು. ಬಾಯಲ್ಲಿ ಹೇಳಿದ ದೂರು ಗಾಳಿಯಲ್ಲಿ ಹೋಯಿತು. ಒಂದು ಚೀಟಿಯಲ್ಲಿ ಬರೆದು ಸಹಿಮಾಡಿಸಿದ್ದರೆ ನಾಲ್ಕು ಜೀವ ಉಳಿಯುತ್ತಿತ್ತೋ ಏನೋ!

ಇನ್ನು ನಮ್ಮ ದೇಶದ ಕಾನೂನಿನ ವಿಚಾರ. ೨೦೧೨ರಲ್ಲಿ ವಾಹನ ತಯಾರಕರ ಸಂಘವು ತಾವಾಗಿಯೇ ಹಿಂದಕ್ಕೆ ಕರೆಯುವ ಒಂದು ಪದ್ಧತಿಯನ್ನು ಏರ್ಪಡಿಸಿಕೊಂಡಿತು, ಅದರಲ್ಲಿ ಬಲವಂತವಿರಲಿಲ್ಲ. ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ ೧೧೦-ಎ ಎಂಬ ಕಲಮು ಸೇರಿತು. ಓಡಿಸುವವನಿಗಾಗಲಿ, ಒಳಗೆ ಕುಳಿತವರಿಗಾಗಲಿ, ದಾರಿಹೋಕರಿಗಾಗಲಿ, ಪರಿಸರಕ್ಕಾಗಲಿ ಅಪಾಯ ತರುವ ದೋಷವಿದೆಯೆಂದು ನಿಗದಿಯಾದಷ್ಟು ಮಾಲೀಕರು ದೂರಿದರೆ, ಇಲ್ಲವೆ ಪರೀಕ್ಷಾ ಸಂಸ್ಥೆ ಮೊದಲಾದವರು ತಿಳಿಸಿದರೆ, ಆ ಬಗೆಯ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಕೇಂದ್ರ ಸರ್ಕಾರ ಆಜ್ಞಾಪಿಸಬಹುದು. ಆಗ ತಯಾರಕನು ಪೂರ್ಣ ಬೆಲೆಯನ್ನು ಹಿಂದಿರುಗಿಸಬೇಕು, ಇಲ್ಲವೆ ಬೇರೆ ಕಾರನ್ನು ಕೊಡಬೇಕು, ಇಲ್ಲವೆ ದುರಸ್ತಿ ಮಾಡಿಕೊಡಬೇಕು. ಮೇಲೆ ದಂಡವನ್ನೂ ತೆರಬೇಕು. ತಾನಾಗಿಯೇ ದೋಷವನ್ನು ಸರ್ಕಾರಕ್ಕೆ ತಿಳಿಸಿ ಕರೆ ಹೊರಡಿಸಿದವನಿಗೆ ಈ ದಂಡವಿಲ್ಲ. ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ದಂಡವು ೧೦ ಲಕ್ಷದಿಂದ ೧ ಕೋಟಿ ರೂಪಾಯಿಗಳವರೆಗೆ. ಏಳು ವರ್ಷ ಮೀರದ ವಾಹನಗಳಿಗೆ ಮಾತ್ರ ಈ ಬಲವಂತದ ಕರೆ ಅನ್ವಯಿಸುತ್ತದೆ.

ಇದರಲ್ಲಿ ಗೃಹಸ್ಥನು ತಿಳಿಯತಕ್ಕ ತತ್ತ್ವವೊಂದುಂಟು. ಸರ್ಕಾರದ ಕೈ ಏಳಬೇಕಾದರೆ ದೂರುಗಳ ಎಣಿಕೆ ಆಗಬೇಕು. ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನ್ಯಾಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಒಂದು ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಕೂಡಿ ಕಂಡರೆ ಸಾಲದು. ಹಲವು ಕಡೆ ಹಾಗೆಯೇ ಕಂಡಾಗ ವ್ಯಾಪ್ತಿ ಸಿದ್ಧವಾಗುತ್ತದೆ. ಹಾಗೆಯೇ ಬಳ್ಳಾರಿಯ ಒಬ್ಬನ ದೂರು ಒಂದು ಸಂಗತಿ. ಅದೇ ದೂರು ಬೆಳಗಾವಿಯಿಂದಲೂ ಮೈಸೂರಿನಿಂದಲೂ ಬರೆದು ಬಂದಾಗ ಅದು ಪ್ರಮಾಣ. ತನ್ನ ಕಾರು ಹೇಗೋ ಸರಿಹೋಯಿತೆಂದು ಸುಮ್ಮನಾದವನು ಈ ಪ್ರಮಾಣದಿಂದ ಒಂದು ಕಲ್ಲನ್ನು ತೆಗೆದಂತಾಯಿತು.

ತನ್ನೊಬ್ಬನ ಕಾರಿನ ನಷ್ಟಕ್ಕೆ ಪರಿಹಾರ ಬೇಕೆನ್ನುವವನಿಗೆ ಗ್ರಾಹಕ ಸಂರಕ್ಷಣೆಯ ದಾರಿ ಬೇರೆ ಇದೆ. ೨೦೧೯ರ ಕಾಯಿದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಫಿರ್ಯಾದು ಕೊಡಬಹುದು. ಅದಕ್ಕಾಗಿ ಕಂಪೆನಿಯ ಊರಿಗೆ ಹೋಗಬೇಕಾದುದಿಲ್ಲ. ತೆತ್ತ ಬೆಲೆ ೫೦ ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ ೨ ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಹ್ಯುಂಡೈ ಕಂಪೆನಿಯ ಕ್ರೆಟಾ ಕಾರಿನ ಗಾಳಿಚೀಲಗಳು ೨೦೧೭ರ ಅಪಘಾತದಲ್ಲಿ ತೆರೆಯದೆಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೨೨ರಲ್ಲಿ ಮಾಲೀಕನ ಪರವಾಗಿ ತೀರ್ಪಿತ್ತು, ಬದಲಿ ಕಾರನ್ನೂ ೩ ಲಕ್ಷ ರೂಪಾಯಿಗಳನ್ನೂ ಕೊಡಿಸಿದ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಾಹಕನು ವೇಗ, ಬಲಗಳ ಲೆಕ್ಕ ಹಾಕುವ ಭೌತವಿಜ್ಞಾನಿಯಾಗಿರಬೇಕಿಲ್ಲವೆಂಬುದೂ, ದೋಷ ಹೊರಬಿದ್ದ ದಿನದಿಂದ ಕಾಲಾವಧಿಯನ್ನು ಎಣಿಸಬೇಕೆಂಬುದೂ ಆ ತೀರ್ಪಿನ ಅಭಿಪ್ರಾಯ. ಗಿರಣಿಯ ಅಥವಾ ಕಂಪೆನಿಯ ಹೆಸರಿನಲ್ಲಿ ಕಾರನ್ನು ಕೊಂಡವರು ತಾವು ಗ್ರಾಹಕರೇ ಅಲ್ಲವೆಂದು ಭಾವಿಸುವುದುಂಟು. ಮರ್ಸಿಡಿಸ್ ಕಾರಿನ ಒಳಭಾಗ ಅತಿಯಾಗಿ ಕಾಯುತ್ತಿದೆಯೆಂಬ ದೂರಿನ ಮೇಲೆ ೨೦೨೪ರ ಜುಲೈಯಲ್ಲಿ ಬಂದ ತೀರ್ಪು ಈ ಸಂದೇಹವನ್ನು ಕಳೆಯಿತು: ನಿರ್ದೇಶಕನ ಸ್ವಂತ ಉಪಯೋಗಕ್ಕೆ ಕೊಂಡದ್ದು ವ್ಯಾಪಾರಕ್ಕಾಗಿ ಕೊಂಡದ್ದೆಂದು ತೋರಿಸುವ ಭಾರ ಮಾರಿದವನ ಮೇಲೆಯೇ ಇರುತ್ತದೆ.

ಕಾನೂನು ಇದ್ದರೂ ನಮ್ಮ ಕಡೆಯವರ ಕಷ್ಟಗಳು ಬೇರೆ ಇವೆ. ಬೆಲೆಯುಳ್ಳ ಅನೇಕ ಕಾರುಗಳ ಅಧಿಕೃತ ಕಾರ್ಯಾಗಾರವಿರುವುದು ಮುನ್ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನಂಥ ನಗರದಲ್ಲಿ. ಆದಕಾರಣ ಊರ ಗ್ಯಾರೇಜಿನಲ್ಲಿಯೇ ತಂತಿ ಕತ್ತರಿಸಿ, ದೊಡ್ಡ ದೀಪವನ್ನೋ ಹಾರನ್ನೋ ಹಾಕಿಸುವುದುಂಟು. ಭತ್ತದ ಗೋದಾಮಿನ ಪಕ್ಕದಲ್ಲಿ ನಿಲ್ಲಿಸಿದ ಕಾರಿನ ತಂತಿಯನ್ನು ಇಲಿ ಕಡಿಯುವುದೂ ಉಂಟು. ಮುಂದೆ ನಿಜವಾದ ತಯಾರಿಕೆಯ ದೋಷ ಕಂಡಾಗ ‘ಇದು ನಿಮ್ಮವರ ಕೈಕೆಲಸ, ಇದು ನಿಮ್ಮ ಇಲಿಯ ಕೆಲಸ’ ಎಂದು ಕಂಪೆನಿ ಕೈತೊಳೆದುಕೊಳ್ಳಲು ಅವಕಾಶವಾಗುತ್ತದೆ.

ಸಿರುಗುಪ್ಪದಲ್ಲಿ ಗಿರಣಿ ನಡೆಸುವ ನಮ್ಮ ಹಳೆಯ ಶಿಷ್ಯನೊಬ್ಬನು ಕೆಲವು ವರ್ಷಗಳ ಹಿಂದೆ ಹೊಸ ಕಾರೊಂದನ್ನು ತರಿಸಿದನು. ಮೂರನೆಯ ತಿಂಗಳಲ್ಲಿ, ಓಡುತ್ತಿದ್ದಂತೆಯೇ ಎಂಜಿನ್ನು ನಿಂತು ಸ್ಟಿಯರಿಂಗು ಬಿಗಿಯಾಗತೊಡಗಿತು. ನಾಲ್ಕು ಸಲ ಕಾರ್ಯಾಗಾರಕ್ಕೆ ಒಯ್ದನು. ನಾಲ್ಕು ಸಲವೂ ‘ಏನೂ ಇಲ್ಲ ಸಾರ್, ಎಲ್ಲ ಗಾಡಿಗೂ ಇದ್ದದ್ದೇ’ ಎಂಬ ಉತ್ತರ. ಜಾಬ್ ಕಾರ್ಡಿನಲ್ಲಿ ಅವರು ಬರೆದದ್ದು ‘ಸಾಮಾನ್ಯ ತಪಾಸಣೆ’ ಎಂದು ಮಾತ್ರ. ಐದನೆಯ ಸಲ ಹೊರಡುವ ಮುಂಚೆ ಅವನು ನಮ್ಮಲ್ಲಿಗೆ ಬಂದು, ‘ಮೇಷ್ಟ್ರೇ, ಒಂದು ಅರ್ಜಿ ಬರೆದುಕೊಡಬೇಕು’ ಎಂದನು. ದಿನಾಂಕ, ಕಿಲೋಮೀಟರು, ರಸ್ತೆ, ವೇಗ, ಒಳಗಿದ್ದವರು ಯಾರು, ಎಷ್ಟು ಹೊತ್ತು ನಿಂತಿತು ಎಂಬುದನ್ನೆಲ್ಲ ಕ್ರಮವಾಗಿ ಬರೆಯಿಸಿದೆವು. ‘ದೂರನ್ನು ನನ್ನ ಮಾತಿನಲ್ಲಿಯೇ ಕಾರ್ಡಿನಲ್ಲಿ ಬರೆಯದ ಹೊರತು ಬೀಗದ ಕೈ ಕೊಡೆನು’ ಎಂದು ಅವನು ಹಟಹಿಡಿದನು. ಆ ಸಲ ಇಂಧನದ ಪಂಪನ್ನು ಬದಲಿಸಿದರು. ಕಾರು ಮತ್ತೆ ನಿಲ್ಲಲಿಲ್ಲ. ಬರೆದ ಕಾಗದಕ್ಕೆ ಇರುವ ಶಕ್ತಿ ಗಟ್ಟಿಯಾದ ಗಂಟಲಿಗೆ ಇಲ್ಲ.

ಎರಡನೆಯ ಕೈಯ ಕಾರಿನ ಮಾತನ್ನು ಈಗ ಹೇಳಬೇಕು. ಹಿಂದಕ್ಕೆ ಕರೆಯುವ ಪತ್ರ ಕಂಪೆನಿಯ ದಫ್ತರಿನಲ್ಲಿರುವ ವಿಳಾಸಕ್ಕೆ, ಎಂದರೆ ಹಲವು ವೇಳೆ ಮೊದಲನೆಯ ಮಾಲೀಕನ ಮನೆಗೆ ಹೋಗುತ್ತದೆ. ಅವನು ಅದನ್ನು ಕಸದ ಬುಟ್ಟಿಗೆ ಹಾಕುತ್ತಾನೆ; ಕಾರು ಮಾತ್ರ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಜನಸಂದಣಿಯಲ್ಲಿ ಓಡಾಡುತ್ತಿರುತ್ತದೆ. ಅಲ್ಲಿ ಬ್ರೇಕು ಕೈಕೊಟ್ಟರೆ ಪೆಟ್ಟು ತಿನ್ನುವವರು ಆ ಕಾರನ್ನು ಕೊಂಡವರೂ ಅಲ್ಲ, ಮಾರಿದವರೂ ಅಲ್ಲ. ಆದ್ದರಿಂದ ಹಳೆಯ ಕಾರನ್ನು ಕೊಳ್ಳುವವರು ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪೆನಿಯವರಿಗೆ ಕೊಟ್ಟು, ಈ ಕಾರಿನ ಮೇಲೆ ಬಾಕಿಯಿರುವ ಕರೆ ಯಾವುದಾದರೂ ಉಂಟೆ ಎಂದು ಕೇಳಿ, ತಮ್ಮ ವಿಳಾಸವನ್ನೂ ಬರೆಯಿಸಬೇಕು. ಮಾರುವವರು ಬಂದ ಪತ್ರವನ್ನು ಬಚ್ಚಿಡುವುದು ಹುಣ್ಣನ್ನು ಮುಚ್ಚಿ ಎತ್ತನ್ನು ಮಾರಿದಂತೆ, ಧರ್ಮಕ್ಕೆ ಸಲ್ಲದು.

ಮನೆಯಲ್ಲಿ ಕಾರಿಗಾಗಿ ಒಂದು ಪುಸ್ತಕವಿರಲಿ. ಜಾಬ್ ಕಾರ್ಡು, ರಸೀತಿ, ಪತ್ರಗಳೆಲ್ಲ ಅದರಲ್ಲಿ ಸೇರಲಿ. ಎಚ್ಚರಿಕೆಯ ದೀಪ ಹತ್ತಿದಾಗ ಅದರ ಚಿತ್ರವನ್ನು ಫೋನಿನಲ್ಲಿ ಹಿಡಿದಿಡಿ. ದೂರನ್ನು ಕಂಪೆನಿಗೆ ಬರಹದಲ್ಲಿ ಕಳುಹಿಸಿ. ಉತ್ತರ ಬಾರದಿದ್ದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಿ. ಕರೆ ಬಂದರೆ ‘ಕಾರು ಚೆನ್ನಾಗಿಯೇ ಇದೆಯಲ್ಲ’ ಎಂದು ಮುಂದೂಡಬೇಡಿ. ಚೆನ್ನಾಗಿರುವಾಗಲೇ ಕರೆಯುವುದು ಅದರ ಉದ್ದೇಶ.

ಎಲ್ಲಕ್ಕಿಂತ ಮುಖ್ಯವಾಗಿ ಡ್ರೈವರನ ಮಾತನ್ನು ಕೇಳಿ. ಬ್ರೇಕು ಒಂದಂಗುಲ ಒಳಗೆ ಇಳಿದದ್ದು, ಸುಟ್ಟ ವಾಸನೆ ಬಂದದ್ದು ಮೊದಲು ತಿಳಿಯುವುದು ಅವನಿಗೆ. ಯಜಮಾನರು ತನ್ನ ಮೇಲೆಯೇ ತಪ್ಪು ಹೊರಿಸಿಯಾರೆಂದು ಅವನು ಬಾಯಿ ಬಿಡುವುದಿಲ್ಲ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವವನು ಅಂಜಿ ಸುಮ್ಮನಿರುವ ಮನೆಯಲ್ಲಿ ಯಾವ ಕಾನೂನೂ ಉಪಯೋಗಕ್ಕೆ ಬಾರದು. ಆಯುಧಪೂಜೆಯ ದಿನ ಕಾರನ್ನು ತೊಳೆದು, ಹೂವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣನ್ನಿರಿಸುವುದು ನಮ್ಮ ಸಂಪ್ರದಾಯ. ಅದೇ ದಿನ ಡ್ರೈವರನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ವರ್ಷದಲ್ಲಿ ಅವನಿಗೆ ಕಂಡದ್ದನ್ನು ಕೇಳಿ ಬರೆದುಕೊಂಡು, ಚಾಸಿಸ್ ನಂಬರನ್ನು ಕಂಪೆನಿಯಲ್ಲಿ ಒಮ್ಮೆ ವಿಚಾರಿಸುವುದನ್ನೂ ಪೂಜೆಯ ಅಂಗವಾಗಿ ಇರಿಸಿಕೊಳ್ಳಬೇಕೆಂದು ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ.