ಮನೆಯಲ್ಲೇ ಗಿಟಾರ್ ರೆಕಾರ್ಡಿಂಗ್: ಆಡಿಯೋ ಇಂಟರ್‌ಫೇಸ್ ಕೊಳ್ಳುವ ಮುನ್ನ ಇಷ್ಟು ನೋಡಿ

ಗಿಟಾರ್ ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಒಳ್ಳೆಯ ರೆಕಾರ್ಡಿಂಗ್ ಸಿಗಲ್ಲ. ಗಿಟಾರ್‌ನ ಸಿಗ್ನಲ್ಲನ್ನು ಡಿಜಿಟಲ್‌ಗೆ ಬದಲಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕಳಿಸೋ ಪುಟ್ಟ ಡಬ್ಬಿಯೇ ಆಡಿಯೋ ಇಂಟರ್‌ಫೇಸ್. ದುಡ್ಡು ಕೊಡುವ ಮುನ್ನ ನಾಲ್ಕು ವಿಷಯ ಗಮನಿಸಿ.

ಗಿಟಾರ್ ಇನ್‌ಪುಟ್: ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಎಂಬ ಗುರುತು ಇರಲೇಬೇಕು. ಎಲೆಕ್ಟ್ರಿಕ್ ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇಂಪೀಡೆನ್ಸ್ ಇರುವ ಇನ್‌ಪುಟ್ ಒಳ್ಳೆಯದು. ಲೈನ್ ಇನ್‌ಪುಟ್‌ಗೆ ಹಾಕಿದರೆ ದನಿ ಮಂಕಾಗುತ್ತೆ.

ಫ್ಯಾಂಟಮ್ ಪವರ್: ಪಿಕಪ್ ಇಲ್ಲದ ಅಕೌಸ್ಟಿಕ್ ಗಿಟಾರ್‌ಗೆ ಮೈಕ್ ಬೇಕೇ ಬೇಕು. ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಬಟನ್ ಇದೆಯಾ ನೋಡಿ.

ಎಷ್ಟು ಮೈಕ್?: ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಮೈಕ್‌ಗೆ ಒಂದೇ ಜಾಗ. ಹಾಡಿಗೊಂದು, ಗಿಟಾರ್‌ಗೊಂದು ಮೈಕ್ ಇಡೋರು ಅದೇ ಕಂಪನಿಯ ‘ಟು ಐ ಟು’ ಥರ ಎರಡು ಮೈಕ್ ಇನ್‌ಪುಟ್ ಇರೋದನ್ನೇ ತಗೊಳ್ಳಿ. ಆಮೇಲೆ ಬದಲಾಯಿಸೋಕೆ ಹೋದರೆ ಎರಡು ಖರ್ಚು.

ತಡ: ನುಡಿಸಿದ್ದು ಹೆಡ್‌ಫೋನ್‌ಗೆ ತಡವಾಗಿ ಬಂದರೆ ತಾಳ ತಪ್ಪುತ್ತೆ. ವಿಂಡೋಸ್‌ನಲ್ಲಿ ಕಂಪನಿಯದೇ ಆಸಿಯೋ ಡ್ರೈವರ್ ಹಾಕಿ, ಬಫರ್ 128ಕ್ಕೆ ಇಳಿಸಿ. ಹಳೇ ಕಂಪ್ಯೂಟರ್‌ನಲ್ಲಿ ಸದ್ದು ಒಡೆದರೆ ಬಫರ್ ಏರಿಸಿ, ‘ಡೈರೆಕ್ಟ್ ಮಾನಿಟರ್’ ಆನ್ ಮಾಡಿಕೊಳ್ಳಿ.

192 ಕಿಲೋಹರ್ಟ್ಸ್ ಅಂತ ದೊಡ್ಡ ನಂಬರ್ ನೋಡಿ ಮರುಳಾಗಬೇಡಿ. ಮನೆ ರೆಕಾರ್ಡಿಂಗ್‌ಗೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳ ಸಾಕು. ಉಳಿದ ದುಡ್ಡಲ್ಲಿ ಒಳ್ಳೇ ಕೇಬಲ್, ಹೊಸ ತಂತಿ ತಗೊಳ್ಳಿ. ವ್ಯತ್ಯಾಸ ಕಿವಿಗೇ ಗೊತ್ತಾಗುತ್ತೆ.